ಸಣ್ಣಗಿರುವವರಿಗೂ ಶುಗರ್ ಯಾಕೆ ಬರುತ್ತೆ?

ಕಳೆದ ವರ್ಷ ಮಾವಿನ ಕೊಯ್ಲಿನ ಸಮಯದಲ್ಲಿ ನಮ್ಮ ಚಿಕ್ಕಪ್ಪನ ಕಾಲಿಗೆ ಮುಳ್ಳು ಚುಚ್ಚಿತು. ಶ್ರೀನಿವಾಸಪುರದ ಪಕ್ಕದ ಹಳ್ಳಿ ನಮ್ಮದು. ಬಲಗಾಲಿನ ಕಿರುಬೆರಳ ಬುಡದಲ್ಲಿ ಮುಳ್ಳು ಇಳಿದಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಸಂಜೆ ಕಾಲು ತೊಳೆಯುವಾಗ ಬಚ್ಚಲ ಕಲ್ಲಿನ ಮೇಲೆ ರಕ್ತ ನೋಡಿ ಚಿಕ್ಕಮ್ಮ ಕೂಗಿಕೊಂಡ ಮೇಲೆ ಮುಳ್ಳು ತೆಗೆದದ್ದು. ಮುಳ್ಳು ಚುಚ್ಚಿದರೆ ನೋವಾಗಬೇಕು ಅಲ್ವಾ? ಆಗಲಿಲ್ಲ. ಅದೇ ಮೊದಲ ಸುಳಿವಾಗಿತ್ತು. ಮನೆಯಲ್ಲಿ ಯಾರೂ ಅದನ್ನು ಹಿಡಿಯಲಿಲ್ಲ.

ಪೇಟೆಯ ಒಂದು ಕ್ಲಿನಿಕ್‌ನಲ್ಲಿ ಮೂರು ವಾರ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡರು. ಮಾತ್ರೆ ಬದಲಾಯಿತು, ಇಂಜೆಕ್ಷನ್ ಆಯಿತು, ಗಾಯ ಮಾತ್ರ ಒಣಗಲಿಲ್ಲ. ಶುಗರ್ ಇದೆಯಾ ಒಮ್ಮೆ ನೋಡಿಸಿ ಎಂದು ನಾನು ಫೋನಿನಲ್ಲಿ ಹೇಳಿದೆ. ಕ್ಲಿನಿಕ್‌ನವರು ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಇವರಿಗೆ ಶುಗರ್ ಎಲ್ಲಿಂದ ಬರಬೇಕು, ಗಾಳಿ ಬೀಸಿದರೆ ಹಾರಿಹೋಗೋ ಹಾಗಿದ್ದಾರೆ" ಅಂದರಂತೆ. ಕೊನೆಗೆ ಕೋಲಾರಕ್ಕೆ ಕರೆದುಕೊಂಡು ಹೋದಾಗ ರಕ್ತದ ಸಕ್ಕರೆ 342 ಇತ್ತು. ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 11 ದಾಟಿತ್ತು. 6.5 ದಾಟಿದರೇ ಸಕ್ಕರೆ ಕಾಯಿಲೆ. ಕಿರುಬೆರಳು ಉಳಿಯಲಿಲ್ಲ.

ಚಿಕ್ಕಪ್ಪನ ವಯಸ್ಸು 58. ತೂಕ 51 ಕೆಜಿ. ಬೆಳಗ್ಗೆ ಐದಕ್ಕೆ ಎದ್ದರೆ ಹಸು, ತೋಟ, ಬೋರ್‌ವೆಲ್ ಅಂತ ಕತ್ತಲಾಗುವವರೆಗೂ ಕೂರುವ ಜೀವ ಅಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಕೂತು ತಿನ್ನೋರ ಕಾಯಿಲೆ ನನಗ್ಯಾಕೆ ಬಂತು?"

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಇದೇ ಪ್ರಶ್ನೆಯ ಹಿಂದೆ ಪುಣೆಯ ಒಬ್ಬ ವೈದ್ಯರು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಕಳೆದಿದ್ದಾರೆ. ಅವರ ಹೆಸರು ಡಾ. ಚಿತ್ತರಂಜನ್ ಯಾಜ್ಞಿಕ್. ಪುಣೆಯ ಕೆಇಎಂ ಆಸ್ಪತ್ರೆಯವರು. ಅವರ ಕೆಲಸ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಜನಕ್ಕೆ ನೇರವಾಗಿ ತಾಗುತ್ತದೆ. ಆದರೆ ಅದು ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಬಂದು ತಲುಪಿಲ್ಲ.

ಒಂದೇ ಅಳತೆಯ ಇಬ್ಬರು ವೈದ್ಯರು

ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡಲು ಬಿಎಂಐ ಅನ್ನುವ ಲೆಕ್ಕ ಇದೆ. ಕೆಜಿಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ಈ ಲೆಕ್ಕ ನಮ್ಮವರ ವಿಷಯದಲ್ಲಿ ಎಷ್ಟು ಮೋಸ ಮಾಡುತ್ತದೆ ಎಂದು ತೋರಿಸಲು ಯಾಜ್ಞಿಕ್ ತಮ್ಮ ಮೈಯನ್ನೇ ಮುಂದಿಟ್ಟರು. 2004ರಲ್ಲಿ ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ತಮ್ಮಿಬ್ಬರ ಫೋಟೊವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಇಬ್ಬರೂ ನೋಡಲು ಸಣ್ಣ. ಆದರೆ ಮೈಯಲ್ಲಿರುವ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ತಕ್ಕಡಿಗೆ ಇಬ್ಬರೂ ಒಂದೇ. ಒಳಗಿನ ಮೈ ಮಾತ್ರ ಬೇರೆ ಬೇರೆ.

ಇದು ಯಾಕೆ ಮುಖ್ಯ ಅಂದರೆ, ನಾವು ಉಂಡ ಊಟ ಸಕ್ಕರೆಯಾಗಿ ರಕ್ತಕ್ಕೆ ಇಳಿದ ಮೇಲೆ ಅದರ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಮಾಂಸಖಂಡ. ಮಾಂಸಖಂಡ ಅಂದರೆ ಕಣಜ ಅಂದುಕೊಳ್ಳಿ. ಕಣಜ ಚಿಕ್ಕದಾದರೆ ರಾಗಿ ಹೊರಗೇ ಉಳಿಯುತ್ತದೆ. ಇತ್ತ ಹೊಟ್ಟೆಯೊಳಗೆ, ಲಿವರ್‌ನಲ್ಲಿ ಸೇರಿದ ಕೊಬ್ಬು, ರಕ್ತದ ಸಕ್ಕರೆಯನ್ನು ಮೈಯೊಳಗೆ ಸೇರಿಸುವ ಇನ್ಸುಲಿನ್ನಿನ ಮಾತನ್ನು ಮೈ ಕೇಳದ ಹಾಗೆ ಮಾಡುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಸ್ವಲ್ಪ ಮುಂದೆ. ಈ ಮೈಕಟ್ಟನ್ನು ನಮ್ಮ ಊರಿನ ಯಾವ ಅರಳಿಕಟ್ಟೆಯಲ್ಲಿ ಬೇಕಾದರೂ ನೋಡಬಹುದು. ಚಿಕ್ಕಪ್ಪನದೂ ಅದೇ. ಸೊಂಟ ಅಳೆದರೆ 84 ಸೆಂಟಿಮೀಟರ್. ಭಾರತದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಎಚ್ಚರ ಅನ್ನುತ್ತಾರೆ. ಆ ಗೆರೆಯನ್ನೂ ಅವರು ದಾಟಿರಲಿಲ್ಲ.

ಯಾಜ್ಞಿಕ್ ಅಲ್ಲಿಗೇ ನಿಲ್ಲಲಿಲ್ಲ. ಈ ಮೈಕಟ್ಟು ಯಾವಾಗ ಶುರುವಾಗುತ್ತದೆ ಎಂದು ಹಿಂದಕ್ಕೆ ಹೋದರು. 1993ರ ಸುಮಾರಿಗೆ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಮದುವೆಯಾದ ಹೆಂಗಸರನ್ನು ಬಸಿರಾಗುವ ಮೊದಲೇ ಪಟ್ಟಿ ಮಾಡಿ, ಅವರು ಏನು ತಿನ್ನುತ್ತಾರೆ, ಎಷ್ಟು ದುಡಿಯುತ್ತಾರೆ ಎಂದು ಬರೆದುಕೊಂಡು, ಹುಟ್ಟಿದ ಮಕ್ಕಳನ್ನು ಅಳೆದರು. ಆ ಮಕ್ಕಳ ಸರಾಸರಿ ತೂಕ 2.7 ಕೆಜಿಯಷ್ಟು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಮಕ್ಕಳದು ಸುಮಾರು 3.5 ಕೆಜಿ. ಇಷ್ಟು ಸಣ್ಣ ಮಗುವಿನಲ್ಲಿ ಎಲ್ಲವೂ ಕಡಿಮೆ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಮಾಂಸಖಂಡ ಕಡಿಮೆ ಇತ್ತು, ಹೊಟ್ಟೆಯೊಳಗಿನ ಅಂಗಗಳೂ ಚಿಕ್ಕವಿದ್ದವು. ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಸಣ್ಣ ಮೈ, ಕೊಬ್ಬು ಜಾಸ್ತಿ. ಹುಟ್ಟುವಾಗಲೇ.

ಆ ಮಕ್ಕಳನ್ನು ಅವರ ತಂಡ ಬಿಡಲಿಲ್ಲ. 6 ವರ್ಷಕ್ಕೆ ನೋಡಿದರು, 12ಕ್ಕೆ ನೋಡಿದರು, 18ಕ್ಕೆ ನೋಡಿದರು. 18 ತುಂಬಿದ ಹುಡುಗರಲ್ಲಿ ಶೇ 37 ಮಂದಿಗೆ, ಹುಡುಗಿಯರಲ್ಲಿ ಶೇ 18 ಮಂದಿಗೆ ಆಗಲೇ ಸಕ್ಕರೆ ಏರುಪೇರು ಶುರುವಾಗಿತ್ತು. ಅವರ ಸರಾಸರಿ ಬಿಎಂಐ 20ರ ಆಸುಪಾಸು. ಅಂದರೆ ಸಣ್ಣಗಿರುವ ಹಳ್ಳಿ ಮಕ್ಕಳು. ಸಿಟಿಯ ಪಿಜ್ಜಾ, ಬರ್ಗರ್ ತಿಂದು ಬೆಳೆದವರಲ್ಲ. ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲೂ ಆ ವಯಸ್ಸಿನ ಹುಡುಗ ಇದ್ದಾನೆ.

ಬರಗಾಲದ ವರ್ಷ ಹೊಟ್ಟೆಯಲ್ಲಿದ್ದವರು

ತಾಯಿಯ ಹೊಟ್ಟೆಯಲ್ಲಿ ಊಟ ಸಾಲದೆ ಬಂದರೆ ಮಗುವಿನ ಮೈ ಇದ್ದುದರಲ್ಲೇ ಹಂಚಿಕೊಳ್ಳುತ್ತದೆ. ಮೊದಲು ಮೆದುಳಿಗೆ. ಮಾಂಸಖಂಡಕ್ಕೆ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಗೆ ಉಳಿದದ್ದು. ಮುಂದೆ ಬದುಕಿಡೀ ಆ ಮೈ ಕಡಿಮೆ ಊಟಕ್ಕೆ ತಯಾರಾಗಿರುತ್ತದೆ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅವರ ಹೆಸರಿನಲ್ಲಿ ನಿಂತಿರುವ ವಿಚಾರ ಇದು. 1944-45ರ ಚಳಿಗಾಲದಲ್ಲಿ ಯುದ್ಧದ ಕಾರಣ ನೆದರ್ಲೆಂಡ್ಸ್‌ನಲ್ಲಿ ಹಸಿವು ಬಿತ್ತು. ಆಗ ತಾಯಿಯ ಹೊಟ್ಟೆಯಲ್ಲಿದ್ದವರನ್ನು ಐವತ್ತು ವರ್ಷದ ಮೇಲೆ ಪರೀಕ್ಷೆ ಮಾಡಿದಾಗ ಸಕ್ಕರೆ ತಡೆದುಕೊಳ್ಳುವ ಶಕ್ತಿ ಅವರಲ್ಲಿ ಕಡಿಮೆ ಇತ್ತು.

ನಮ್ಮ ಕರ್ನಾಟಕದಲ್ಲೂ ಇಂಥ ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದದ ದಾಖಲೆ ಇಟ್ಟಿದ್ದರು. ಆ ಹಳೇ ಪುಸ್ತಕ ಹಿಡಿದು, ದೊಡ್ಡವರಾಗಿದ್ದ ಆ 'ಮಕ್ಕಳನ್ನು' ಹುಡುಕಿ ಪರೀಕ್ಷೆ ಮಾಡಿದರು. ಅಲ್ಲಿ ಸಿಕ್ಕ ಉತ್ತರ ಬೇರೆ ಥರ ಇತ್ತು. ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತು. ತಾಯಿಗೆ ಬಸಿರಿನಲ್ಲಿ ಸಕ್ಕರೆ ಏರಿದ್ದರೂ ಮಗುವಿಗೆ ಕಷ್ಟ, ತಾಯಿಗೆ ಊಟ ಸಾಲದಿದ್ದರೂ ಕಷ್ಟ. ಎರಡೂ ನಮ್ಮಲ್ಲಿ ಒಟ್ಟಿಗೇ ನಡೆಯುತ್ತಿವೆ.

ನಮ್ಮ ಚಿಕ್ಕಪ್ಪ ಹುಟ್ಟಿದ್ದು 1967ರಲ್ಲಿ. 1965, 1966 ಎರಡು ವರ್ಷ ಸತತವಾಗಿ ದೇಶದ ಬಹಳ ಕಡೆ ಮಳೆ ಕೈಕೊಟ್ಟಿತ್ತು. ಆ ವರ್ಷ ಹೊಲದಿಂದ ರಾಗಿ ಹುಲ್ಲು ಕೂಡ ಮನೆಗೆ ಬರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಬಸುರಿ ಹೆಂಗಸು ಕೊನೆಗೆ ಉಣ್ಣುವ ಕಾಲ ಬೇರೆ ಅದು. ಗಂಡಸರು, ಮಕ್ಕಳು ಉಂಡ ಮೇಲೆ ಪಾತ್ರೆಯಲ್ಲಿ ಏನು ಉಳಿಯಿತೋ ಅದು. ಚಿಕ್ಕಪ್ಪನ ಶುಗರ್‌ಗೆ ಆ ಬರಗಾಲವೇ ಕಾರಣ ಎಂದು ಒಬ್ಬ ಮನುಷ್ಯನ ವಿಷಯದಲ್ಲಿ ಯಾರೂ ಸಾಬೀತು ಮಾಡಲಾಗದು. ಆದರೆ ಬರ ಅನ್ನುವುದು ನೆಂಟರ ಹಾಗೆ ಬಂದು ಹೋಗುವ ಈ ಮೂರು ಜಿಲ್ಲೆಗಳಲ್ಲಿ ಒಂದಿಡೀ ತಲೆಮಾರು ಹೀಗೆ ಅರ್ಧ ಹೊಟ್ಟೆಯ ತಾಯಂದಿರಿಂದ ಹುಟ್ಟಿದೆ. ಆ ತಲೆಮಾರಿಗೆ ಈಗ ಐವತ್ತು, ಅರವತ್ತು. ಈಗ ರೇಷನ್ ಅಕ್ಕಿ ಇದೆ, ಬೇಕರಿ ಇದೆ, ಟ್ರ್ಯಾಕ್ಟರ್ ಇದೆ. ಹೊಟ್ಟೆ ತುಂಬುತ್ತಿದೆ ಅನ್ನುವುದು ಸಂತೋಷದ ವಿಷಯವೇ. ಕಡಿಮೆಗೆ ತಯಾರಾದ ಮೈಗೆ ಮಾತ್ರ ಅದು ಭಾರವಾಗುತ್ತಿದೆ.

ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಜೊತೆ ಸೇರಿ ಚೆನ್ನೈನ ಡಾ. ಮೋಹನ್, ಡಾ. ಅಂಜನಾ ಅವರ ತಂಡ 2008ರಿಂದ 2020ರವರೆಗೆ 1,13,043 ಜನರನ್ನು ಪರೀಕ್ಷೆ ಮಾಡಿ 2023ರಲ್ಲಿ ಕೊಟ್ಟ ಅಂದಾಜು ಇದು: ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಪೇಟೆಯಲ್ಲಿ ಶೇ 16.4, ಹಳ್ಳಿಯಲ್ಲಿ ಶೇ 8.9. ಹಳ್ಳಿಯಲ್ಲಿ ಕಡಿಮೆ ಎಂದು ಸಮಾಧಾನ ಪಡುವ ಹಾಗಿಲ್ಲ. ದೇಶದ ಹೆಚ್ಚು ಜನ ಇರುವುದೇ ಹಳ್ಳಿಯಲ್ಲಿ.

ವೆಲ್ಲೂರಿನಿಂದ ಬಂದ ಹೊಸ ಹೆಸರು

ಮುಳಬಾಗಿಲು ದಾಟಿ ಚಿತ್ತೂರಿನ ಮೇಲೆ ಹೋದರೆ ವೆಲ್ಲೂರು. ನಮ್ಮ ಕಡೆಯವರಿಗೆ ಬೆಂಗಳೂರಿನಷ್ಟೇ ಪರಿಚಯದ ಆಸ್ಪತ್ರೆ ಊರು. ಅಲ್ಲಿನ ಸಿಎಂಸಿ ಆಸ್ಪತ್ರೆಯ ಡಾ. ನಿಹಾಲ್ ಥಾಮಸ್ ಮತ್ತು ಅಮೆರಿಕದ ಡಾ. ಮೆರಿಡಿತ್ ಹಾಕಿನ್ಸ್ ಅವರ ತಂಡ ತೀರಾ ಸಣ್ಣಗಿರುವ ಯುವಕರ ಸಕ್ಕರೆ ಕಾಯಿಲೆಯನ್ನು ಬಿಡಿಸಿ ನೋಡಿತು. ಇವರಿಗೆ ಲಿವರ್‌ನಲ್ಲಿ ಕೊಬ್ಬು ಕಡಿಮೆ. ಇನ್ಸುಲಿನ್ ಮೈಗೆ ನಾಟುತ್ತದೆ. ಆದರೆ ಇನ್ಸುಲಿನ್ ತಯಾರಾಗುವುದೇ ಕಡಿಮೆ. ಇನ್ಸುಲಿನ್ ತಯಾರಿ ಬಹುತೇಕ ನಿಂತೇ ಹೋಗುವ ಟೈಪ್ 1 ಎಂದರೆ ಅದೂ ಹೊಂದುವುದಿಲ್ಲ, ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಎಂದರೆ ಅದೂ ಹೊಂದುವುದಿಲ್ಲ. 2022ರಲ್ಲಿ ಇದು ಪ್ರಕಟವಾಯಿತು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದು ಅನ್ನುವುದನ್ನೂ ಹೇಳಲೇಬೇಕು.

ಇದು ಪೂರ್ತಿ ಹೊಸ ವಿಷಯವೂ ಅಲ್ಲ. 1955ರಲ್ಲೇ ಜಮೈಕಾದಲ್ಲಿ ಇಂಥವರನ್ನು ಗುರುತಿಸಿದ್ದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪೌಷ್ಟಿಕತೆಯ ಸಕ್ಕರೆ ಕಾಯಿಲೆ ಎಂದು ತನ್ನ ಪಟ್ಟಿಗೆ ಸೇರಿಸಿತು. ಪುರಾವೆ ಸಾಲದು ಎಂದು 1999ರಲ್ಲಿ ತೆಗೆದೇಬಿಟ್ಟಿತು. ಈಗ 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದಕ್ಕೆ ಟೈಪ್ 5 ಎಂದು ಹೆಸರು ಕೊಟ್ಟಿದೆ. ಈ ಹೆಸರಿಗೆ ಎಲ್ಲ ಸಂಶೋಧಕರ ಒಪ್ಪಿಗೆ ಇಲ್ಲ. ಬೇರೆ ಬೇರೆ ಕಾರಣಗಳನ್ನು ಒಂದೇ ಚೀಲಕ್ಕೆ ತುಂಬಿದ ಹಾಗಾಗುತ್ತದೆ ಅನ್ನುವವರಿದ್ದಾರೆ.

ನನಗೆ ಅನ್ನಿಸುವುದು, ಹೆಸರಿನ ಜಗಳ ದೊಡ್ಡವರು ಬಗೆಹರಿಸಿಕೊಳ್ಳಲಿ. ಬಾಗೇಪಲ್ಲಿಯ ಒಬ್ಬ ಕಡ್ಡಿ ಹುಡುಗ ಆಸ್ಪತ್ರೆಗೆ ಬಂದಾಗ ಅವನ ಮೈಯಲ್ಲಿ ಇನ್ಸುಲಿನ್ ಎಷ್ಟು ತಯಾರಾಗುತ್ತಿದೆ ಎಂದು ನೋಡುವುದು ಮುಖ್ಯ. ಅದಕ್ಕೆ ಸಿ-ಪೆಪ್ಟೈಡ್ ಅನ್ನುವ ರಕ್ತ ಪರೀಕ್ಷೆ ಇದೆ. ಅದನ್ನು ನೋಡದೆ ಟೈಪ್ 1 ಎಂದುಕೊಂಡು ಇನ್ಸುಲಿನ್ ಜಾಸ್ತಿ ಹಾಕಿದರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಬರುತ್ತದೆ. ಊಟ ಸರಿಯಾಗಿ ಸಿಗದ ಮನೆಯಲ್ಲಂತೂ ಇನ್ನೂ ಅಪಾಯ. ಟೈಪ್ 2 ಎಂದುಕೊಂಡು ಊಟ ಕಡಿಮೆ ಮಾಡು ಅಂದರೆ ಮೊದಲೇ ಸೊರಗಿದವನು ಮತ್ತೂ ಸೊರಗುತ್ತಾನೆ.

ಚಿಕ್ಕಪ್ಪನದು ಟೈಪ್ 2 ಎಂದೇ ವೈದ್ಯರು ಬರೆದರು. ಹಾಗಿದ್ದರೂ ಸಣ್ಣ ಮೈಯ ಟೈಪ್ 2 ಬೇರೆಯೇ ಥರ ನಡೆಯುತ್ತದೆ. ಯಾಜ್ಞಿಕ್ ಅವರೂ ಸೇರಿದ್ದ ತಂಡ ಚಿಕ್ಕ ವಯಸ್ಸಿಗೇ ಟೈಪ್ 2 ಬಂದ ಭಾರತೀಯರನ್ನು ಗುಂಪು ಮಾಡಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಜನ ಇನ್ಸುಲಿನ್ ಕೊರತೆಯ ಗುಂಪಿಗೇ ಬಿದ್ದರು. ಯುರೋಪಿನ ಪುಸ್ತಕದಲ್ಲಿ ಟೈಪ್ 2 ಅಂದರೆ ದಪ್ಪ ಮೈ, ಇನ್ಸುಲಿನ್ ಇದ್ದೂ ಕೆಲಸ ಮಾಡದ ಸ್ಥಿತಿ. ನಮ್ಮಲ್ಲಿ ಬಹಳ ಜನಕ್ಕೆ ಇನ್ಸುಲಿನ್ನೇ ಸಾಲುತ್ತಿಲ್ಲ.

"ವಾಕಿಂಗ್ ಮಾಡಿ, ತೂಕ ಇಳಿಸಿ"

ಆಸ್ಪತ್ರೆಯಿಂದ ಹೊರಡುವಾಗ ಚಿಕ್ಕಪ್ಪನ ಕೈಗೆ ಒಂದು ಅಚ್ಚು ಹಾಕಿದ ಚೀಟಿ ಕೊಟ್ಟರು. ದಿನಾ 45 ನಿಮಿಷ ವಾಕಿಂಗ್. ತೂಕ ಕಡಿಮೆ ಮಾಡಿಕೊಳ್ಳಿ. ಅನ್ನ ಬಿಟ್ಟು ಮುದ್ದೆ ತಿನ್ನಿ. 51 ಕೆಜಿಯ, ಒಂದು ಬೆರಳು ಕಳೆದುಕೊಂಡ, ಹುಟ್ಟಿದಾಗಿನಿಂದ ಮುದ್ದೆಯನ್ನೇ ಉಂಡ ಮನುಷ್ಯನಿಗೆ. ನಮ್ಮ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಮೇಯಿಸಿ, ದಿನಕ್ಕೆ ಹತ್ತು ಗಂಟೆ ನಿಂತೇ ಇರುವ ಹೆಂಗಸರಿಗೂ ಇದೇ ಚೀಟಿ ಸಿಗುತ್ತದೆ. ಬರೆದವರ ಮನಸ್ಸು ಒಳ್ಳೆಯದೇ. ಚೀಟಿ ಮಾತ್ರ ಬೇರೆ ಯಾರದೋ ಮೈಗೆ ಬರೆದದ್ದು.

ತೂಕ ಇಳಿಸಿದರೆ ಶುಗರ್ ಹಿಂದಕ್ಕೆ ಹೋಗಬಹುದು ಅನ್ನುವುದು ಸುಳ್ಳಲ್ಲ. ಇಂಗ್ಲೆಂಡಿನ ರಾಯ್ ಟೇಲರ್ ಅವರ ಕೆಲಸದಿಂದ ಅದು ಗಟ್ಟಿಯಾಗಿ ಗೊತ್ತಾಗಿದೆ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಊಟವನ್ನು ಬಿಗಿಯಾಗಿ ಕಡಿಮೆ ಮಾಡಿದವರಲ್ಲಿ ಶೇ 46 ಮಂದಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆಯೇ ಬೇಕಾಗಲಿಲ್ಲ. ಹೊಟ್ಟೆ ಬಂದವರಿಗೆ ಇದು ದೊಡ್ಡ ದಾರಿ. ಈಗ ಪೇಪರ್ ತುಂಬಾ ಸುದ್ದಿಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳೂ, 2025ರಲ್ಲಿ ಭಾರತಕ್ಕೆ ಬಂದ ಮೌಂಜಾರೊ, ವೆಗೋವಿ ಥರದವು, ಅವರಿಗೇ. ಸಣ್ಣಗಿರುವ ಮೈಗೆ ಬೇಕಾದದ್ದು ಮಾಂಸಖಂಡ. ಸೊಂಟ ಒಂದೆರಡು ಇಂಚು ಇಳಿದು, ತೊಡೆ ತೋಳು ಗಟ್ಟಿಯಾಗಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ಕೂಡ ಅಂಥ ವ್ಯಾಯಾಮವೇ.

ಇನ್ನು ಮುದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಮೂರೂ ಜಿಲ್ಲೆಯಲ್ಲಿ "ಮುದ್ದೆ ತಿಂದರೆ ಶುಗರ್ ಬರಲ್ಲ" ಅನ್ನುವುದು ವೇದವಾಕ್ಯ. ರಾಗಿ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ, 11 ಗ್ರಾಂನಷ್ಟು ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಆದರೆ ಸಕ್ಕರೆಯಾಗುವ ಪಿಷ್ಟ ನೋಡಿ: ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 67 ಗ್ರಾಂ ಆಸುಪಾಸು. ವ್ಯತ್ಯಾಸ ಇಷ್ಟೇ. ಮಿಲ್ಲಿನಲ್ಲಿ ನುಣ್ಣಗೆ ಬೀಸಿ, ಕುದಿಸಿ ತೊಳಸಿದ ಮುದ್ದೆ ಅಗಿಯದೆ ನುಂಗುವಷ್ಟು ಮೆತ್ತಗಿರುತ್ತದೆ. ಅಷ್ಟೇ ಬೇಗ ಕರಗುತ್ತದೆ. ಚಿಕ್ಕಮ್ಮ ತೊಳಸುವ ಒಂದು ಮುದ್ದೆಗೆ ಎಷ್ಟು ಹಿಟ್ಟು ಹಿಡಿಯುತ್ತದೆ ಎಂದು ಒಂದು ದಿನ ತೂಗಿ ನೋಡಿದೆವು. 110 ಗ್ರಾಂ. ಚಿಕ್ಕಪ್ಪ ರಾತ್ರಿ ಎರಡು ಉಣ್ಣುತ್ತಿದ್ದರು. ಅಂದರೆ ಒಂದೇ ಹೊತ್ತಿಗೆ ಸುಮಾರು 147 ಗ್ರಾಂ ಪಿಷ್ಟ. ಅದರ ಮೇಲೆ ಒಂದು ತುತ್ತು ಅನ್ನ, ಮಜ್ಜಿಗೆ.

ಚೆನ್ನೈನ ಅದೇ ತಂಡ 2025ರಲ್ಲಿ ಹೇಳಿದ್ದು ಇದನ್ನೇ. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆ ಥರದ ಪಿಷ್ಟದಿಂದ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ಕಾಣಲಿಲ್ಲ. ಪಿಷ್ಟವನ್ನು ಸ್ವಲ್ಪ ಇಳಿಸಿ, ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದಾಗ ಕಡಿಮೆ ಕಂಡಿತು. ನಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು: ಮುದ್ದೆ ಚಿಕ್ಕದಾಗಬೇಕು, ಬಟ್ಟಲಲ್ಲಿ ಕಾಳು ಜಾಸ್ತಿಯಾಗಬೇಕು. ಬಸ್ಸಾರು ಮಾಡುವಾಗ ಬಸಿದ ಹುರುಳಿಕಾಳು ಪಲ್ಯವಾಗಿ ಬದಿಗೆ ಒಂದು ಚಮಚ ಬೀಳುತ್ತದಲ್ಲ, ಅದು ಒಂದು ಬಟ್ಟಲಾಗಬೇಕು. ಹುರುಳಿಯಲ್ಲಿ 100 ಗ್ರಾಂಗೆ 21 ಗ್ರಾಂ ಮೇಲೆ ಪ್ರೋಟೀನ್ ಇದೆ. ರಾಗಿಯಲ್ಲಿ 7. ಅವರೆಕಾಯಿ ಕಾಲದಲ್ಲಂತೂ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಾತ್ರೆಯ ವಿಷಯದಲ್ಲಿ ಒಂದು ಮಾತು, ದುಡಿಯುವವರಿಗೆ ಇದು ತುಂಬಾ ಮುಖ್ಯ. ಗ್ಲಿಮೆಪಿರೈಡ್ ಥರದ ಮಾತ್ರೆ ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ಬೆಳಗ್ಗೆ ಅದನ್ನು ನುಂಗಿ, ಒಂದು ಲೋಟ ಕಾಫಿ ಕುಡಿದು ತೋಟಕ್ಕೆ ಹೋದರೆ, ಹನ್ನೊಂದು ಗಂಟೆಗೆ ತಿಂಡಿ ಬರುವ ಹೊತ್ತಿಗೆ ಸಕ್ಕರೆ ತಳ ಮುಟ್ಟಿರುತ್ತದೆ. ಬೆವರು, ನಡುಕ, ಕಣ್ಣು ಮಂಜು, ಮಾತು ತೊದಲು. "ಬಿಸಿಲಿಗೆ ತಲೆ ತಿರುಗಿತು" ಎಂದು ಮರದ ಕೆಳಗೆ ಮಲಗಿಸುತ್ತಾರೆ. ಆಗ ಬೇಕಾಗಿರುವುದು ಮೂರು ಚಮಚ ಸಕ್ಕರೆ ಹಾಕಿದ ನೀರು. ಈ ಮಾತ್ರೆ ತೆಗೆದುಕೊಳ್ಳುವವರು ಊಟ ಎದುರಿಗೆ ಬರುವವರೆಗೆ ಅದನ್ನು ಮುಟ್ಟಬಾರದು, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಬೇಕು. ಔಷಧಿ ಬರೆಯುವವರು "ನೀವು ಮೊದಲ ತುತ್ತು ತಿನ್ನೋದು ಎಷ್ಟು ಗಂಟೆಗೆ?" ಎಂದು ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಅನಾಹುತ ತಪ್ಪುತ್ತದೆ.

ಇನ್ಸುಲಿನ್ ಅಂದರೆ ನಮ್ಮಲ್ಲಿ ಭಯ. ಅದನ್ನು ಶುರು ಮಾಡಿದರೆ ಮನುಷ್ಯ ಮುಗಿದ ಅನ್ನುವ ಮಾತಿದೆ. ಮೈಯಲ್ಲಿ ಇನ್ಸುಲಿನ್ನೇ ಸಾಲದವರಿಗೆ ಅದನ್ನು ತಡ ಮಾಡಿ ಕೊಡುವುದರಿಂದಲೇ ಕಾಲು, ಕಣ್ಣು, ಕಿಡ್ನಿ ಹೋಗುವುದು. ಚಿಕ್ಕಪ್ಪ ಒಪ್ಪಲು ಹದಿನೈದು ದಿನ ಬೇಕಾಯಿತು. ಫ್ರಿಜ್ ಇಲ್ಲದ ಮನೆ. ಚಿಕ್ಕಮ್ಮ ದೊಡ್ಡ ಮಡಕೆಯಲ್ಲಿ ಮರಳು ತುಂಬಿ, ನಡುವೆ ಒಂದು ಪುಟ್ಟ ಮಡಕೆ ಇಟ್ಟು, ಮರಳಿಗೆ ದಿನಾ ಎರಡು ಸಲ ನೀರು ಚಿಮುಕಿಸುತ್ತಾರೆ. ಒಳಗಿನ ಮಡಕೆಯಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಇನ್ಸುಲಿನ್ ಶೀಷೆ. ಈಗ ಸಕ್ಕರೆ 150ರ ಸುತ್ತ ನಿಂತಿದೆ. ಕಾಲಿಗೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ. ರಾತ್ರಿ ಮಲಗುವ ಮೊದಲು ಚಿಕ್ಕಮ್ಮ ಬೆಳಕಿಗೆ ಹಿಡಿದು ಎರಡೂ ಅಂಗಾಲು ನೋಡುತ್ತಾರೆ.

ಯಾರನ್ನು ಪರೀಕ್ಷೆ ಮಾಡಬೇಕು, ಯಾವಾಗ

ಚೆನ್ನೈ ತಂಡ 2005ರಲ್ಲಿ ಒಂದು ಸುಲಭದ ಅಂಕಪಟ್ಟಿ ಮಾಡಿತು. ವಯಸ್ಸು, ಸೊಂಟ, ಮೈಗೆಲಸ, ಅಪ್ಪ ಅಮ್ಮನಿಗೆ ಇತ್ತಾ ಎಂಬ ನಾಲ್ಕು ಪ್ರಶ್ನೆ. 100ಕ್ಕೆ 60 ಮುಟ್ಟಿದರೆ ಅಪಾಯ ಜಾಸ್ತಿ. ದೇಶದ ಎಷ್ಟೋ ಕಡೆ ಉಪಯೋಗಕ್ಕೆ ಬಂದ ಪಟ್ಟಿ ಅದು. ಅದರಲ್ಲಿ ಚಿಕ್ಕಪ್ಪನನ್ನು ಕೂರಿಸಿ ನೋಡಿದೆ. 50 ದಾಟಿದ್ದಕ್ಕೆ 30. ಸೊಂಟಕ್ಕೆ ಸೊನ್ನೆ. ಅಪ್ಪ ಅಮ್ಮನಿಗೆ ಯಾರೂ ಪರೀಕ್ಷೆಯೇ ಮಾಡಿಸಿರಲಿಲ್ಲ, ಅಲ್ಲೂ ಸೊನ್ನೆ. ಮೈಮುರಿದು ದುಡಿಯುವವರಾದ್ದರಿಂದ ಆ ಲೆಕ್ಕದಲ್ಲೂ 60 ಮುಟ್ಟುವುದಿಲ್ಲ. 342 ಸಕ್ಕರೆ ಇದ್ದ ಮನುಷ್ಯ ಆ ಜರಡಿಯಿಂದ ಜಾರಿಬಿಡುತ್ತಿದ್ದರು. ಹಾಗಾಗಿ ನಮ್ಮ ಕಡೆ 30 ದಾಟಿದ ಎಲ್ಲರಿಗೂ, ಸಣ್ಣಗಿರಲಿ ದಪ್ಪಗಿರಲಿ, ಬೆರಳಿಗೆ ಸೂಜಿ ಚುಚ್ಚಿ ನೋಡುವುದೇ ಸರಿ.

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಮಾಡಹೊರಟಿರುವುದು ಅದನ್ನೇ. 2024ರಲ್ಲಿ ಅದು ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ನಮ್ಮ ಬೀದಿಗೆ ಅವರು ಬಂದಾಗ "ನಾನು ಚೆನ್ನಾಗೇ ಇದ್ದೀನಿ" ಎಂದು ಹೊಲಕ್ಕೆ ಹೋದವರಲ್ಲಿ ಸಣ್ಣಗಿದ್ದವರೇ ಜಾಸ್ತಿ. ಅವರು ಬಂದ ದಿನ ಅರ್ಧ ಗಂಟೆ ತಡವಾಗಿ ಹೊಲಕ್ಕೆ ಹೋಗಿ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. ಇನ್ನೊಂದು ಎಚ್ಚರ: ಕಬ್ಬಿಣಾಂಶ ಕಡಿಮೆಯಾಗಿ ರಕ್ತ ಇಲ್ಲದ ಹೆಂಗಸರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅಂಥವರಿಗೆ ಖಾಲಿ ಹೊಟ್ಟೆಯ, ಊಟದ ನಂತರದ ಪರೀಕ್ಷೆಯನ್ನೂ ಸೇರಿಸಿ ನೋಡಬೇಕು.

ಡೈರಿಗೆ ಹೋಗುವ ಹಾಲು

ಯಾಜ್ಞಿಕ್ ಅವರ ಹಳ್ಳಿಗಳ ಕೆಲಸದಲ್ಲಿ ಇನ್ನೊಂದು ಎಳೆ ಇದೆ. ಬಸುರಿಯರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರಿಗೆ ಬಿ12 ವಿಟಮಿನ್ ಕಡಿಮೆ ಇತ್ತು. ಬಿ12 ಕಡಿಮೆ ಇದ್ದು ಫೋಲೇಟ್ (ಫೋಲಿಕ್ ಆಸಿಡ್ ಥರದ ವಿಟಮಿನ್) ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ 6 ವರ್ಷಕ್ಕೇ ಕೊಬ್ಬು ಜಾಸ್ತಿ, ಇನ್ಸುಲಿನ್‌ಗೆ ಮೈ ಮಣಿಯುವುದು ಕಡಿಮೆ. 2008ರಲ್ಲಿ ಇದು ಪ್ರಕಟವಾಯಿತು. ನಾವು ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತೇವೆ. ಅವು ಬೇಕೇ ಬೇಕು. ಬಿ12 ಮಾತ್ರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವರ ತಂಡ 2012ರಿಂದ ಅದೇ ಹಳ್ಳಿಗಳಲ್ಲಿ, ತಾವು ಹುಟ್ಟಿದಾಗ ಅಳೆದಿದ್ದ ಹುಡುಗ ಹುಡುಗಿಯರಿಗೇ ಬಿ12 ಕೊಟ್ಟು, ಅವರ ಮಕ್ಕಳನ್ನು ನೋಡುತ್ತಿದೆ. ಆ ಮಕ್ಕಳಿಗೆ ಶುಗರ್ ತಪ್ಪುತ್ತದಾ ಎಂದು ತಿಳಿಯಲು ಅವರು ದೊಡ್ಡವರಾಗಬೇಕು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಮುಂಬೈನ ಕೊಳೆಗೇರಿಗಳಲ್ಲಿ ಬಸಿರಿಗೆ ಮೊದಲೇ ಹೆಂಗಸರಿಗೆ ಸೊಪ್ಪು, ಹಾಲಿನ ಪುಡಿ, ಒಣಹಣ್ಣು ಹಾಕಿದ ಒಂದು ತಿಂಡಿಯನ್ನು ದಿನಾ ಕೊಟ್ಟು ನೋಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ, ಬಸಿರಿನ ಸಕ್ಕರೆ ಕಾಯಿಲೆ ಉಳಿದವರಲ್ಲಿ ಶೇ 12.4 ಇದ್ದರೆ ಈ ತಿಂಡಿ ತಿಂದವರಲ್ಲಿ ಶೇ 7.3 ಇತ್ತು. ಒಂದು ತಿಂಡಿಯಿಂದ. ನಮ್ಮ ಅಂಗನವಾಡಿಗಳಲ್ಲಿ 2017ರಿಂದ ಮಾತೃಪೂರ್ಣ ಇದೆ. ಬಸುರಿ, ಬಾಣಂತಿಯರಿಗೆ ಮಧ್ಯಾಹ್ನದ ಊಟ, ಮೊಟ್ಟೆ, ಹಾಲು. ದೂರ ಅಂತಲೋ ನಾಚಿಕೆ ಅಂತಲೋ ಎಷ್ಟೋ ಜನ ಹೋಗುವುದಿಲ್ಲ. ಆ ಊಟವನ್ನು ಬಡವರಿಗೆ ಕೊಡುವ ದಾನ ಎಂದು ನೋಡುವುದರಿಂದ ಹೀಗಾಗುತ್ತದೆ. ನನ್ನ ಕಣ್ಣಿಗೆ ಅದು ಮುಂದಿನ ಐವತ್ತು ವರ್ಷದ ಶುಗರ್ ಚಿಕಿತ್ಸೆ.

ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೂ ಅದು ಕಡಿಮೆಯಾಗುತ್ತದೆ. ಕಾಲು ಜೋಮು ಹಿಡಿಯುವುದು ಎಲ್ಲವೂ ಶುಗರ್‌ನಿಂದಲೇ ಇರಬೇಕಾಗಿಲ್ಲ, ಬಿ12 ಕೂಡ ನೋಡಿಸಬೇಕು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಅಂದರೆ ಹಾಲಿನ ನಾಡು. ಬೆಳಗ್ಗೆ ಆರಕ್ಕೆ ಡೈರಿ ಮುಂದೆ ಕ್ಯಾನುಗಳ ಸಾಲು ನೋಡಬೇಕು. ಹಸು ಕಟ್ಟಿ, ಹುಲ್ಲು ಹೊತ್ತು, ಹಾಲು ಕರೆಯುವ ಹೆಂಗಸಿನ ಪಾಲಿಗೆ ಮಾತ್ರ ಕಾಫಿಗೆ ಬೀಳುವ ಅರ್ಧ ಲೋಟ. ಹದಿನೈದು ದಿನಕ್ಕೊಮ್ಮೆ ಬರುವ ಆ ದುಡ್ಡಲ್ಲೇ ಸಂಘದ ಕಂತು, ಮಕ್ಕಳ ಫೀಸು ಎಲ್ಲ. ಅದಕ್ಕೇ ಯಾರನ್ನೂ ದೂರುವ ಹಾಗಿಲ್ಲ.

ಚಿಕ್ಕಪ್ಪನ ಸೊಸೆಗೆ ಈಗ ಐದು ತಿಂಗಳು. ಹೋದ ತಿಂಗಳು ಊರಿಗೆ ಹೋಗಿದ್ದಾಗ, ಇದನ್ನೆಲ್ಲ ಜಗಲಿಯಲ್ಲಿ ಕೂತು ಚಿಕ್ಕಪ್ಪನಿಗೆ ಹೇಳಿದೆ. ಪೂರ್ತಿ ಕೇಳಿದರು. ಏನೂ ಅನ್ನಲಿಲ್ಲ. ಮಾರನೇ ಬೆಳಗ್ಗೆ ಹಾಲು ಕರೆದು ತಂದು, ಕ್ಯಾನಿಗೆ ಸುರಿಯುವ ಮೊದಲು ಒಂದು ಚೊಂಬು ಬದಿಗೆ ಎತ್ತಿಟ್ಟರು. ಅಳೆದರೆ ಅರ್ಧ ಲೀಟರ್ ಇತ್ತು.